ತೋಳಿನ ಮೇಲಿನ ಕಪ್ಪು ಪಟ್ಟಿ

ರಂಗಕ್ಕ ಹುಟ್ಟಿದ್ದು ಹುಲಿಕುಂಟೆ ಕಡೆಯ ಒಂದು ಗೊಲ್ಲರಹಟ್ಟಿಯಲ್ಲಿ. ಕುರಿ ಮೇಯಿಸುವಾಗ ಅವಳ ಅಣ್ಣ ಕ್ಯಾತಪ್ಪ ತುದಿ ಬಾಗಿದ ಜಾಲಿ ಕೊಂಬೆಯಲ್ಲಿ ಬಟ್ಟೆಚೆಂಡು ಹೊಡೆಯುತ್ತಿದ್ದ, ಇವಳು ಅದರ ಹಿಂದೆ ಓಡುತ್ತಿದ್ದಳು. ಆ ಓಟವೇ ಇಬ್ಬರನ್ನೂ ಹಟ್ಟಿಯಿಂದ ಆಚೆಗೆ ತಂದಿತು. ಅಣ್ಣ ಮಧುಗಿರಿಯ ಹಾಕಿ ಕ್ಲಬ್ಬಿಗೆ ಸೇರಿ ಎಡತುದಿಯ ಆಟಗಾರನಾದ. ತಂಗಿ ಓದಿ, ಟ್ರೇನಿಂಗ್ ಮುಗಿಸಿ, ಅದೇ ಊರಿನ ಹೈಸ್ಕೂಲಿನಲ್ಲಿ ಡ್ರಿಲ್ ಟೀಚರ್ ಆದಳು. ಆದರೆ ಅವಳು ಕೆಲಸಕ್ಕೆ ಸೇರುವ ಹೊತ್ತಿಗೆ ಅಣ್ಣ ಊರಲ್ಲಿರಲಿಲ್ಲ.

ಅವನು ಹೋದದ್ದು ಐವತ್ತೆಂಟರ ಬೇಸಿಗೆಯಲ್ಲಿ. ಹೋದ ಸುದ್ದಿ ತಂದವನು ಕ್ಲಬ್ಬಿನ ಕ್ಯಾಪ್ಟನ್ ಮರುಳಸಿದ್ದಯ್ಯ. ಕಡಲೇಕಾಯಿ ಮಿಲ್ಲಿನ ಮನೆತನದ ಹುಡುಗ. ಹಟ್ಟಿಯ ತನಕ ಜೀಪಿನಲ್ಲಿ ಬಂದು ಕ್ಯಾತಪ್ಪನ ಬಟ್ಟೆಯ ಚೀಲವನ್ನು ತಾಯಿ ಈರಕ್ಕನ ಕೈಗೆ ಕೊಟ್ಟಿದ್ದ. ಕ್ಯಾತ ಯುಗಾದಿ ಹಬ್ಬದ ದಿನವೇ ಹಿಂದೂಪುರದಲ್ಲಿ ರೈಲು ಹತ್ತಿ ಬೊಂಬಾಯಿಗೆ ಹೋದನಂತೆ, ಗಿರಣಿ ಕೆಲಸ ಸಿಕ್ಕಿತಂತೆ, ಪಾವಗಡದ ಫೈನಲ್ ಆಡಿ ಹೋಗು ಅಂದರೂ ಕೇಳಲಿಲ್ಲವಂತೆ. ಈರಕ್ಕ ನಂಬಿದಳು. ಆಮೇಲೆ ಒಂದು ಕಾರ್ಡೂ ಬರಲಿಲ್ಲ. ರಂಗಕ್ಕ ಮಧುಗಿರಿಯಲ್ಲಿ ಮನೆ ಮಾಡಿ ತಾಯಿಯನ್ನು ಕರೆದುಕೊಂಡು ಬಂದ ಮೇಲೂ, ಯಾರಾದರೂ ಬೊಂಬಾಯಿಂದ ಬಂದರು ಅಂದರೆ ಈರಕ್ಕ ಸೆರಗು ಹೊದ್ದು ಅವರ ಬಾಗಿಲಿಗೆ ಹೋಗುತ್ತಿದ್ದಳು. ಎಡಹುಬ್ಬಿನ ಮೇಲೆ ಗಾಯದ ಗುರುತಿರುವ ಎತ್ತರದ ಆಳನ್ನು ಅಲ್ಲಿ ಕಂಡಿದ್ದೀರಾ ಎಂದು ಕೇಳುತ್ತಿದ್ದಳು. ಇಪ್ಪತ್ತು ವರ್ಷ ಹೀಗೇ ಕಳೆಯಿತು.

ಎಪ್ಪತ್ತೆಂಟರಲ್ಲಿ ಕ್ಲಬ್ಬಿಗೆ ನಲವತ್ತು ತುಂಬಿತು. ಅಷ್ಟರಲ್ಲಿ ಮರುಳಸಿದ್ದಯ್ಯ ಕ್ಲಬ್ಬಿನ ಅಧ್ಯಕ್ಷ, ಎರಡು ಮಿಲ್ಲುಗಳ ಯಜಮಾನ, ಊರಿನಲ್ಲಿ ಅವನ ಮಾತಿಗೆ ಎದುರಿಲ್ಲ. ಸಮಾರಂಭಕ್ಕೊಂದು ಸ್ಮರಣ ಸಂಚಿಕೆ ತರುವುದೆಂದು ನಿರ್ಧಾರವಾಯಿತು. ಕ್ಲಬ್ಬಿನ ಕಾರ್ಯದರ್ಶಿ ಗಂಗಯ್ಯ ಉತ್ಸಾಹದ ಮನುಷ್ಯ. ಕ್ಲಬ್ಬಿನ ಅಟ್ಟದಲ್ಲಿದ್ದ ಹಳೇ ಫೋಟೋಗಳ ಟ್ರಂಕನ್ನು ತಾನೇ ಇಳಿಸಿ, ರಿಕ್ಷಾದಲ್ಲಿ ಹಾಕಿಸಿಕೊಂಡು ರಂಗಕ್ಕನ ಮನೆಗೆ ತಂದ. ಯಾವ ಟೀಮು, ಯಾವ ಇಸವಿ, ಯಾರ್ಯಾರು ಇದ್ದಾರೆ ಎಂದು ಗುರುತಿಸುವವರು ಬೇಕಿತ್ತು. ಅಧ್ಯಕ್ಷರನ್ನು ಕೇಳಿದಿರಾ ಎಂದು ರಂಗಕ್ಕ ವಿಚಾರಿಸಿದಾಗ, ಅವರು ಮಿಲ್ಲಿನ ಕೆಲಸಕ್ಕೆ ದಾವಣಗೆರೆಗೆ ಹೋಗಿದ್ದಾರೆ, ಬಂದ ಮೇಲೆ ತೋರಿಸಿದರಾಯಿತು ಅಂದ.

ರಂಗಕ್ಕನಿಗೆ ಈ ಕೆಲಸ ಹಿಡಿಸಿತು. ಫೋಟೋದ ಹಿಂದೆ ಬರೆದದ್ದಕ್ಕಿಂತ ಮುಂದೆ ಕಾಣುವುದನ್ನೇ ಅವಳು ನೆಚ್ಚುತ್ತಿದ್ದಳು. ಸ್ಟಿಕ್ಕಿನ ಮೂತಿ ಉದ್ದವಾಗಿದ್ದರೆ ಹಳೇ ಕಾಲದ್ದು, ಗಿಡ್ಡವಾಗಿ ದುಂಡಗಿದ್ದರೆ ಆಮೇಲಿನದು. ಗೋಲಿಗೆ ಬಲೆ ಇದೆಯೋ ಬರೀ ಕಂಬವೋ, ಆಟಗಾರರು ಬರಿಗಾಲೋ ಕ್ಯಾನ್ವಾಸ್ ಶೂ ಹಾಕಿದ್ದಾರೋ, ನೆರಳು ಯಾವ ಕಡೆಗೆ ಚಾಚಿದೆ, ಮೈದಾನದ ಅಂಚಿನಲ್ಲಿ ಕರೆಂಟ್ ಕಂಬ ಬಂದಿದೆಯೋ ಇಲ್ಲವೋ. ಗಡಿಯಾರ ರಿಪೇರಿಯವನಿಂದ ಭೂತಗನ್ನಡಿ ತಂದು, ಭಾನುವಾರ ಬೆಳಿಗ್ಗೆ ಪಡಸಾಲೆಯ ಬೆಳಕಿನಲ್ಲಿ ಕೂತು ಒಂದೊಂದನ್ನೇ ನೋಡುತ್ತಾ ಹೋದಳು. ಮಧ್ಯಾಹ್ನದ ಹೊತ್ತಿಗೆ ಅರ್ಧ ಟ್ರಂಕು ಮುಗಿದಿತ್ತು.

ಆಗ ಅಣ್ಣ ಕಂಡ. ಹನ್ನೊಂದು ಜನ ಎರಡು ಸಾಲಿನಲ್ಲಿ ನಿಂತ ಟೀಮಿನ ಫೋಟೋ. ಎಡತುದಿಯಲ್ಲಿ ಕ್ಯಾತಪ್ಪ, ಕಂಬಳಿಯ ಅಂಚು ಹರಿದು ಹಿಡಿಗೆ ಸುತ್ತಿಕೊಂಡ ಸ್ಟಿಕ್ಕನ್ನು ಊರಿ ನಿಂತಿದ್ದ. ಶೂವಿನ ಮುಂಭಾಗ ಕತ್ತರಿಸಿ ಹೆಬ್ಬೆರಳು ಆಚೆ ಬಿಟ್ಟಿದ್ದ. ಅವನ ಪಾದಕ್ಕೆ ಅಂಗಡಿಯ ಯಾವ ಶೂವೂ ಸಾಲುತ್ತಿರಲಿಲ್ಲ. ರಂಗಕ್ಕ ಸಂತೋಷದಿಂದ ತಾಯಿಯನ್ನು ಕೂಗಬೇಕೆಂದು ಬಾಯಿ ತೆರೆದವಳು, ಹಾಗೇ ತಡೆದು ಫೋಟೋವನ್ನು ತಿರುಗಿಸಿದಳು.

ಫೋಟೋದ ಹಿಂದೆ ‘ಶಿರಾ, ೧೯೫೭’ ಎಂದು ಬರೆದಿತ್ತು. ಶಿರಾ ಮೈದಾನದಿಂದ ಕಾಣಬೇಕಾದದ್ದು ಮಸೀದಿಯ ಗುಮ್ಮಟ. ಇಲ್ಲಿ ಆಟಗಾರರ ತಲೆಯ ಹಿಂದೆ ಒಂದು ದೊಡ್ಡ ಬೆಟ್ಟ, ಅದರ ಮೇಲೆ ಕೋಟೆಗೋಡೆ ಸುತ್ತಿಕೊಂಡು ಹೋಗಿದೆ. ಅದು ಪಾವಗಡದ ಬೆಟ್ಟ. ಮೈಮೇಲೆ ಪಟ್ಟೆ ಅಂಗಿ. ಐವತ್ತೇಳರಲ್ಲಿ ಕ್ಲಬ್ಬಿಗೆ ಇದ್ದದ್ದು ಬರೀ ಬಿಳಿ ಅಂಗಿ. ಇಷ್ಟಾದರೆ ಯಾರೋ ಮರೆತು ತಪ್ಪು ಬರೆದಿದ್ದಾರೆ ಅಂದುಕೊಳ್ಳಬಹುದಿತ್ತು. ಆದರೆ ಹನ್ನೊಂದು ಜನರ ಎಡತೋಳಿನ ಮೇಲೂ ಒಂದೊಂದು ಕಪ್ಪು ಪಟ್ಟಿ ಕಟ್ಟಿತ್ತು.

ಕ್ಲಬ್ಬಿನವರು ಶೋಕಕ್ಕೆಂದು ಕಪ್ಪು ಪಟ್ಟಿ ಕಟ್ಟಿ ಆಡಿದ್ದು ಒಂದೇ ಸಲ. ಕ್ಲಬ್ ಕಟ್ಟಿದ ಹೆಡ್ಮಾಸ್ಟರ್ ಕದರಪ್ಪನವರು ತೀರಿಕೊಂಡಾಗ. ಅವರ ಪಟ ರಂಗಕ್ಕನ ಶಾಲೆಯಲ್ಲೇ ಇತ್ತು. ಪ್ರತಿ ವರ್ಷ ಯುಗಾದಿ ಕಳೆದು ಒಂದು ವಾರಕ್ಕೆ ಅದಕ್ಕೆ ಹಾರ ಹಾಕುವವಳು ಇವಳೇ. ಹೆಡ್ಮಾಸ್ಟರ್ ಸತ್ತದ್ದು ಐವತ್ತೆಂಟರ ಯುಗಾದಿಯ ನಂತರ. ಪಾವಗಡದ ಫೈನಲ್ ನಡೆದದ್ದು ಅದೂ ಆದ ಮೇಲೆ. ಯುಗಾದಿಯ ದಿನ ಬೊಂಬಾಯಿ ರೈಲು ಹತ್ತಿದ ಮನುಷ್ಯ, ಅವರ ಶೋಕದ ಪಟ್ಟಿ ಕಟ್ಟಿಕೊಂಡು ಪಾವಗಡದಲ್ಲಿ ನಿಂತಿದ್ದ.

ಅವಳು ಫೋಟೋವನ್ನು ಮತ್ತೊಮ್ಮೆ ತಿರುಗಿಸಿದಳು. ಹಿಂದಿನ ಅಕ್ಷರ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಶಾಲೆಯ ಆಟೋಟದ ಸರ್ಟಿಫಿಕೇಟುಗಳ ಮೇಲೆ ಪ್ರತಿ ವರ್ಷ ಹೆಸರು ಬರೆದು ಸಹಿ ಹಾಕುವ ಮರುಳಸಿದ್ದಯ್ಯನ ಕೈ ಅದು. ಅವನು ಇಸವಿ ಮರೆತಿರಬಹುದು; ತಾನು ಕಪ್ ಗೆದ್ದ ಊರನ್ನು ಮರೆಯುವುದುಂಟೆ?

ಟ್ರಂಕಿನ ತಳದಲ್ಲಿ ಅದೇ ದಿನದ ಇನ್ನೊಂದು ಫೋಟೋ ಇತ್ತು. ಅದೇ ಬೆಟ್ಟ, ಅದೇ ಪಟ್ಟೆ ಅಂಗಿ, ಅದೇ ಕಪ್ಪು ಪಟ್ಟಿ. ಮೊದಲನೆಯದರಲ್ಲಿ ನೆರಳು ಕಾಲ ಬುಡದಲ್ಲಿತ್ತು, ಇದರಲ್ಲಿ ಉದ್ದಕ್ಕೆ ಮಲಗಿತ್ತು. ಆಟ ಮುಗಿದ ಸಂಜೆ. ಮಧ್ಯೆ ಮರುಳಸಿದ್ದಯ್ಯ ಕಪ್ ಹಿಡಿದಿದ್ದ, ಪಕ್ಕದಲ್ಲಿ ಹಾರ ಹಾಕಿಕೊಂಡ ಅತಿಥಿ. ಆಟಗಾರರು ಹತ್ತೇ ಜನ. ಯಾರ ಮುಖದಲ್ಲೂ ಗೆದ್ದ ಕಳೆಯಿಲ್ಲ. ಹಿಂದೆ ದೂರದಲ್ಲಿ ಒಂದು ಹುಣಸೆಮರ. ಅದರ ಬುಡದಲ್ಲೊಂದು ಕಪ್ಪು ಗುಂಡು. ಬಂಡೆಯಿರಬೇಕೆಂದು ಅವಳು ಮೊದಲ ಫೋಟೋದ ಅದೇ ಮರವನ್ನು ನೋಡಿದಳು. ಅಲ್ಲಿ ಬಂಡೆಯಿರಲಿಲ್ಲ.

ಭೂತಗನ್ನಡಿಯನ್ನು ಹತ್ತಿರ ತಂದಳು, ದೂರ ಒಯ್ದಳು. ಅದು ಕಂಬಳಿ. ಕಂಬಳಿಯ ಕೆಳಗಿನಿಂದ ಒಂದು ಪಾದ ಆಚೆಗಿತ್ತು. ಶೂವಿನ ಮೂತಿ ಕತ್ತರಿಸಿತ್ತು.

ಒಳಗೆ ಈರಕ್ಕ ರಾಗಿ ಬೀಸುತ್ತಿದ್ದಳು. ಏನು ಸಿಕ್ಕಿತು ಎಂದು ಅಲ್ಲಿಂದಲೇ ಕೇಳಿದಳು. ಏನಿಲ್ಲ ಎಂದು ರಂಗಕ್ಕ ಎರಡು ಫೋಟೋಗಳನ್ನೂ ತನ್ನ ಶಾಲೆಯ ಚೀಲಕ್ಕೆ ಹಾಕಿಕೊಂಡಳು.

ಅವಳು ನೇರವಾಗಿ ಮರುಳಸಿದ್ದಯ್ಯನ ಹತ್ತಿರ ಹೋಗಲಿಲ್ಲ. ಅವನನ್ನು ಬಿಟ್ಟರೆ ಫೋಟೋದಲ್ಲಿದ್ದವರಲ್ಲಿ ಹತ್ತಿರದಲ್ಲಿ ಉಳಿದಿದ್ದವನು ಗೋಲು ಕಾಯುತ್ತಿದ್ದ ಓಬಯ್ಯ ಒಬ್ಬನೇ. ಕೊರಟಗೆರೆ ತಾಲ್ಲೂಕಿನ ತೋವಿನಕೆರೆಯಲ್ಲಿ ಬೇಸಾಯ ಮಾಡಿಕೊಂಡಿದ್ದ. ಮುಂದಿನ ರಜೆಯ ದಿನ ಬಸ್ಸು ಹತ್ತಿದಳು. ಓಬಯ್ಯ ಜಮೀನಿನಲ್ಲಿ ಮೆಣಸಿನ ಸಸಿಗೆ ನೀರು ಕಟ್ಟುತ್ತಿದ್ದ. ಇವಳನ್ನು ಕಂಡು ನಗುತ್ತಾ ಬಂದ. ಮೊದಲ ಫೋಟೋ ನೋಡಿದಾಗಲೂ ನಗು ಇತ್ತು. ಎರಡನೆಯದನ್ನು ಕೈಗೆ ತೆಗೆದುಕೊಳ್ಳಲೇ ಇಲ್ಲ. ಗುದ್ದಲಿಯನ್ನು ಅಲ್ಲೇ ಬಿಟ್ಟು ಬದುವಿನ ಮೇಲೆ ಕೂತುಬಿಟ್ಟ. ಪಾತಿಯಲ್ಲಿ ನೀರು ತುಂಬಿ ಸಸಿಗಳ ಮೇಲೆ ಹರಿಯಿತು, ಅವನು ಏಳಲಿಲ್ಲ.

“ನಾನು ಗೋಲ್ನಾಗಿದ್ದೆ ಕಣವ್ವ. ದೂರದಿಂದ ಕಂಡಿದ್ದು,” ಅಂದ. “ಅವತ್ತು ಎರಡು ಗೋಲೂ ಕ್ಯಾತಂದೇ. ಜನ ಎಲ್ಲ ಅವನ್ನೇ ಕೂಗ್ತಿದ್ರು. ಆಮೇಲೆ ಚೆಂಡು ಅವನಿಗೂ ಮರುಳಸಿದ್ದಯ್ಯಂಗೂ ಮಧ್ಯ ಬಂತು. ನಂದು ಬುಡು ಅಂತ ಇಬ್ರೂ ಕೂಗಿದ್ರು. ಮರುಳಸಿದ್ದಯ್ಯ ಬೀಸ್ದ. ಅದು ಕ್ಯಾತನ ಕಣ್ಣಿನ ಪಕ್ಕಕ್ಕೆ ಬಿತ್ತು. ಬೇಕಂತ ಹೊಡದ್ನೋ, ಕೈತಪ್ಪಿ ಬಿತ್ತೋ, ನಂಗೆ ಇವತ್ತಿಗೂ ತಿಳೀದು.”

ಉಳಿದದ್ದನ್ನು ಅವನು ನಿಂತು ನಿಂತು ಹೇಳಿದ. ಕ್ಯಾತಪ್ಪ ಎದ್ದು ಕೂತಿದ್ದ, ನಾಲ್ಕು ಮಾತೂ ಆಡಿದ್ದ. ಅದಕ್ಕೇ ಎಲ್ಲರೂ ಧೈರ್ಯವಾಗಿದ್ದರು. ಮರದ ಕೆಳಗೆ ಮಲಗಿಸಿ, ಅವನದೇ ಕಂಬಳಿ ಹೊದಿಸಿ, ಉಳಿದ ಆಟ ಆಡಿದರು. ಆಟ ಮುಗಿದ ಮೇಲೆ ಓಬಯ್ಯ ಹೋಗಿ ನೋಡಿದಾಗ ಕ್ಯಾತಪ್ಪನ ಮಾತು ತೊದಲುತ್ತಿತ್ತು. ನೀರು ಕೇಳಿದ. ಓಬಯ್ಯ ಚೊಂಬು ಹಿಡಿದು ಹೊರಟಿದ್ದ. ಅಷ್ಟರಲ್ಲಿ ಅತಿಥಿಗಳಿಗೆ ಹೊತ್ತಾಯಿತು, ಫೋಟೋ ತೆಗೆಯುತ್ತಾರೆ, ಬಾ ಎಂದು ಕ್ಯಾಪ್ಟನ್ ಕೂಗಿದ. ಫೋಟೋ, ಭಾಷಣ, ಚಪ್ಪಾಳೆ ಎಲ್ಲ ಮುಗಿಸಿ ವಾಪಸು ಹೋದಾಗ ಕ್ಯಾತಪ್ಪನಿಗೆ ನೀರು ಬೇಕಿರಲಿಲ್ಲ.

ಪೊಲೀಸು, ಜೈಲು ಎಂದು ಎಲ್ಲರೂ ಹೆದರಿದರು. ಮರುಳಸಿದ್ದಯ್ಯನ ತಂದೆಯ ಲಾರಿ ಬಂತು. ಬೊಂಬಾಯಿಯ ಮಾತನ್ನು ಕಟ್ಟಿದವನು ಆ ತಂದೆ. ಸಾವಿನ ದಿನಕ್ಕೆ ಯಾರ ಗಮನವೂ ಹೋಗಬಾರದೆಂದು ಯುಗಾದಿಯ ದಿನಕ್ಕೆ ಹಿಂದೆ ಸರಿಸಿದವನೂ ಅವನೇ. ಪಾವಗಡದ ಜನ ಕ್ಯಾತಪ್ಪನ ಆಟ ಕಂಡಿದ್ದರೇ ಹೊರತು ಅವನ ಹೆಸರು, ಊರು ಬಲ್ಲವರಿರಲಿಲ್ಲ; ಟೀಮಿನವರಿಂದ ಆಣೆ ಮಾಡಿಸಿಕೊಂಡರು. ಲಾರಿಯಲ್ಲಿ ಹೆಣದ ಜೊತೆ ಹೋದವರು ತಂದೆ ಮಗ ಇಬ್ಬರೇ. ಎಲ್ಲಿ ಮಣ್ಣು ಮಾಡಿದರೆಂದು ಓಬಯ್ಯನಿಗೆ ಗೊತ್ತಿರಲಿಲ್ಲ.

ಸ್ಟೇಷನ್ನಿಗೆ ಬಂದು ಇಷ್ಟನ್ನು ಹೇಳುತ್ತೀಯಾ ಎಂದು ರಂಗಕ್ಕ ಕೇಳಿದಳು. ಓಬಯ್ಯ ತನ್ನ ಇಬ್ಬರು ಮಕ್ಕಳು ಮರುಳಸಿದ್ದಯ್ಯನ ಮಿಲ್ಲಿನಲ್ಲೇ ಕೆಲಸಕ್ಕಿದ್ದಾರೆ ಎಂದು ಹೇಳಿ ಗುದ್ದಲಿ ಎತ್ತಿಕೊಂಡ.

ಅವಳು ಮಧುಗಿರಿಗೆ ವಾಪಸಾದಾಗ ಮನೆಯ ಬಾಗಿಲು ಹಾರು ಹೊಡೆದಿತ್ತು. ಪಡಸಾಲೆಯಲ್ಲಿ ಟ್ರಂಕು ಇರಲಿಲ್ಲ. ಕ್ಲಬ್ಬಿನವರು ಜೀಪಿನಲ್ಲಿ ಬಂದು ತೆಗೆದುಕೊಂಡು ಹೋದರು, ನೀನೇ ಹೇಳಿ ಕಳಿಸಿದೆಯಂತೆ ಎಂದಳು ಈರಕ್ಕ. ದಾವಣಗೆರೆಯಿಂದ ವಾಪಸಾದ ಮರುಳಸಿದ್ದಯ್ಯ ಯಜಮಾನರು ತಾವೇ ಬಂದಿದ್ದರಂತೆ. ಒಂದೊಂದೇ ಫೋಟೋ ತೆಗೆದು ನೋಡಿದರಂತೆ. ಏನೋ ಸಿಗಲಿಲ್ಲ ಅಂತ ಕಾಣುತ್ತದೆ, ಪಾತ್ರೆಯ ಗೂಡಿನ ಹಿಂದೆಯೂ ಹುಡುಕಿದರಂತೆ.

“ಕ್ಯಾತನ್ನ ಕಂಡಿದ್ದೀರಾ ಯಜಮಾನ್ರೇ, ಅವನಿಂದ ಏನಾರ ಸುದ್ದಿ ಬಂತಾ ಅಂತ ಕೇಳ್ದೆ,” ಅಂದಳು ಈರಕ್ಕ. “ಮುಖ ತಿರುಗಿಸ್ಕೊಂಡು ಹೋದ್ರು ಕಣೇ.”

ಅಂದಿನಿಂದ ಶಾಲೆ ಬಿಡುವ ಹೊತ್ತಿಗೆ ಎದುರಿನ ಬೇವಿನ ಮರದ ಕೆಳಗೆ ಆ ಜೀಪು ನಿಲ್ಲತೊಡಗಿತು. ಯಾರೂ ಇಳಿಯುತ್ತಿರಲಿಲ್ಲ. ರಂಗಕ್ಕ ಮಾರ್ಕೆಟ್ಟಿಗೆ ಹೋದರೆ ಹಿಂದೆ ಬರುತ್ತಿತ್ತು, ಮನೆ ಸೇರಿದರೆ ಬೀದಿಯ ತುದಿಯಲ್ಲಿ ನಿಲ್ಲುತ್ತಿತ್ತು. ಗಂಗಯ್ಯ ಒಂದು ದಿನ ಬಂದು, ಇನ್ನೆರಡು ಫೋಟೋ ಉಳಿದಿದ್ದರೆ ಕೊಟ್ಟುಬಿಡಿ ಮೇಡಂ, ನನ್ನ ಕಾರ್ಯದರ್ಶಿ ಪಟ್ಟ ಹೋಯಿತು ಎಂದ. ಪಾಪ, ಅವನಿಗೆ ಕಾರಣವೂ ಗೊತ್ತಿರಲಿಲ್ಲ. ರಂಗಕ್ಕ ಕೊಡಲಿಲ್ಲ. ಒಂದು ಸಂಜೆ ಶಾಲೆಯ ಸೀರೆಯಲ್ಲೇ ಪೊಲೀಸ್ ಸ್ಟೇಷನ್ನಿನ ಮೆಟ್ಟಿಲ ತನಕ ಹೋದಳು. ಒಳಗಿನ ಬೆಂಚಿನ ಮೇಲೆ ಮರುಳಸಿದ್ದಯ್ಯ ಕೂತು ಕಾಫಿ ಕುಡಿಯುತ್ತಿದ್ದ. ತಿರುಗಿ ಬಂದಳು.

ತಾಯಿಗೆ ಹೇಳದೆ ಎಷ್ಟು ದಿನ ಇರಲು ಸಾಧ್ಯ? ಹೇಳಿದಳು. ಫೋಟೋ ತೋರಿಸಿದಳು. ಈರಕ್ಕನಿಗೆ ಕಣ್ಣು ಮಂಜು. ಭೂತಗನ್ನಡಿಯಲ್ಲಿ ಕಂಬಳಿ ಕಂಡಿತೋ ಇಲ್ಲವೋ, ಬೆರಳಿನಿಂದ ಆ ಜಾಗವನ್ನು ಸವರುತ್ತಾ ಕೂತಳು. ಅಳಲಿಲ್ಲ. ಆಮೇಲೆ ಒಂದೇ ಮಾತು ಕೇಳಿದಳು.

“ನೀರು ಕೊಟ್ರಂತಾ?”

“ಓಬಣ್ಣ ಕುಡಿಸ್ದ ಅಂತೆ ಕಣವ್ವ,” ಅಂದಳು ರಂಗಕ್ಕ.

ಸಮಾರಂಭ ನಡೆಯಿತು, ಸಂಚಿಕೆ ಬಂತು. ಐವತ್ತೆಂಟರ ಕಪ್ಪಿನ ಬಗ್ಗೆ ಒಂದು ಸಾಲು ಇತ್ತು, ಚಿತ್ರವಿರಲಿಲ್ಲ. ಮುಂದಿನ ವರ್ಷ ರಂಗಕ್ಕ ಪಾವಗಡಕ್ಕೆ ವರ್ಗ ಕೇಳಿಕೊಂಡಳು. ಬಿಸಿಲಿನ ಊರಿಗೆ ತಾನಾಗಿ ಹೋಗುವವರನ್ನು ಇದೇ ಮೊದಲು ಕಂಡೆ ಎಂದು ಆಫೀಸಿನವರು ಆಶ್ಚರ್ಯಪಟ್ಟರು. ಈರಕ್ಕನನ್ನು ಹಟ್ಟಿಯಲ್ಲಿದ್ದ ಈರಕ್ಕನ ತಮ್ಮನ ಮನೆಯಲ್ಲಿ ಬಿಟ್ಟು, ರಂಗಕ್ಕ ಒಬ್ಬಳೇ ಹೋದಳು.

ಪಾವಗಡದಲ್ಲಿ ಹುಣಸೆಮರ ಇನ್ನೂ ಇತ್ತು. ಸಂಜೆಯ ಆಟ ಮುಗಿಸಿ ಅವಳು ಊರಾಚೆಯ ದಾರಿಗಳಲ್ಲಿ ನಡೆಯುತ್ತಿದ್ದಳು. ಲಾರಿ ಹೋಗಬಹುದಾದ ದಾರಿ ಯಾವುದು ಎಂದು ನೋಡುತ್ತಿದ್ದಳು. ಹಾಗೆ ನಡೆಯುವಾಗ ಮಡಕಶಿರಾ ಕಡೆಯ ದಾರಿಯಲ್ಲಿ ಒಂದು ಹೊಲ ಕಂಡಿತು. ಸುತ್ತಲೂ ಕಡಲೇಕಾಯಿ ಬಳ್ಳಿ ಹಬ್ಬಿದ್ದರೆ, ಇದರಲ್ಲಿ ಮಾತ್ರ ಲಂಟಾನ, ಕಳ್ಳಿ. ಬೇಲಿ ಭದ್ರವಾಗಿತ್ತು. ಬೇಲಿಯ ಆಚೆ ಕುರಿ ಮೇಯಿಸುತ್ತಿದ್ದ ಕರಿಯಕ್ಕ ಎಂಬ ಮುದುಕಿಯನ್ನು ವಿಚಾರಿಸಿದಳು.

“ಅದು ಮಧುಗಿರಿ ಸಾವುಕಾರ್ರ ಬೀಳು ಕಣಮ್ಮ,” ಅಂದಳು ಮುದುಕಿ. “ಕೊಂಡು ಇಪ್ಪತ್ತು ವರ್ಸಾತು. ಉಳಾಕಿಲ್ಲ, ಗುತ್ತಿಗೆಗೂ ಕೊಡಾಕಿಲ್ಲ. ಕುರಿ ನುಗ್ಗಿದ್ರೆ ಬೈಸ್ತಾರೆ. ಏಮೋ, ಯಾಕೋ ಕಾಣೆ, ಒಳ್ಳೆ ಕೆಮ್ಮಣ್ಣು, ಬಂಗಾರ ಬೆಳೀಬೋದು.”

ರಂಗಕ್ಕ ಬೇಲಿ ಹಿಡಿದು ನಿಂತಳು. ಮುಳ್ಳು ಚುಚ್ಚಿದ್ದು ಆಮೇಲೆ ತಿಳಿಯಿತು.

ಅಲ್ಲಿಂದ ಮುಂದೆ ದಿನವೂ ಹೋದಳು. ಬೇಲಿಯ ಹೊರಗೆ ಒಂದಷ್ಟು ಹೊತ್ತು ನಿಂತು ಬರುತ್ತಿದ್ದಳು. ಡ್ರಿಲ್ ಟೀಚರ್ ಸಾಹುಕಾರರ ಬೀಳಿನ ಹತ್ತಿರ ನಿಲ್ಲುತ್ತಾರೆ ಎಂಬ ಸುದ್ದಿ ಹೋಗಬೇಕಾದಲ್ಲಿಗೆ ಹೋಯಿತು. ಒಂದು ಸಂಜೆ, ಸೂರ್ಯ ಬೆಟ್ಟದ ಹಿಂದೆ ಇಳಿಯುವಾಗ, ಮಧುಗಿರಿಯ ಕಾರು ಬಂದು ದಾರಿಯಲ್ಲಿ ಅಡ್ಡ ನಿಂತಿತು. ಹೊಲದಲ್ಲಿ ಬೇರೆ ಯಾರೂ ಇರಲಿಲ್ಲ. ಡ್ರೈವರ್ ಬಂದಿರಲಿಲ್ಲ, ಮರುಳಸಿದ್ದಯ್ಯ ತಾನೇ ಓಡಿಸಿಕೊಂಡು ಬಂದಿದ್ದ. ಮೈ ಇಳಿದಿತ್ತು. ರಂಗಕ್ಕನ ಕೈಯಲ್ಲಿ ಆಟದ ಸ್ಟಿಕ್ಕು ಇತ್ತು. ಅದನ್ನು ಬಿಗಿಯಾಗಿ ಹಿಡಿದುಕೊಂಡಳು.

“ಇಲ್ಲೇ ಅಂತ ನಿಮಗೆ ಯಾರು ಹೇಳಿದ್ರು?” ಎಂದ.

“ಯಾರೂ ಹೇಳ್ಲಿಲ್ಲ ಯಜಮಾನ್ರೇ. ನೀವು ಉಳಲಿಲ್ವಲ್ಲ.”

ಅವನು ಹತ್ತಿರ ಬಂದ. ಅವಳು ಕಾಲು ಹಿಂದೆಗೆಯಲಿಲ್ಲ. ಆ ಎರಡು ಫೋಟೋ ನಿಮ್ಮಲ್ಲೇ ಇವೆಯಾ ಎಂದು ಕೇಳಿದ. ಇವೆ ಅಂದಳು. ಅವನ್ನು ಅವತ್ತೇ ಯಾಕೆ ಸುಡಲಿಲ್ಲ ಎಂದು ಅವಳೂ ಕೇಳಿದಳು. ಅವನು ಬೇಲಿಯ ಒಳಗೆ ಒಂದು ಕಳ್ಳಿಮೆಳೆಯ ಕಡೆ ನೋಡುತ್ತಿದ್ದ.

“ಎರಡು ಸಲ ಒಲೆ ತನಕ ಒಯ್ದೆ,” ಅಂದ. “ಕೈ ಬರಲಿಲ್ಲ.”

ಬೇಕೆಂದು ಹೊಡೆದದ್ದೋ ಕೈತಪ್ಪಿದ್ದೋ ಎಂದು ಅವಳು ಕೇಳಬೇಕೆಂದಿದ್ದಳು. ಕೇಳಲಿಲ್ಲ. ಅವನು ಯಾವ ಉತ್ತರ ಕೊಟ್ಟರೂ ತಾನು ನಂಬುವುದಿಲ್ಲವೆಂದು ಆ ಕ್ಷಣ ಗೊತ್ತಾಯಿತು. ಬೇಲಿಯ ಬಾಗಿಲು ತೆಗೆದಿಡಿ, ನಮ್ಮವರು ಬರುತ್ತಾರೆ ಎಂದಷ್ಟೇ ಹೇಳಿದಳು. ಅವನು ತಲೆಯಾಡಿಸಿದ. ಪೊಲೀಸರ ಹತ್ತಿರ ತಾನೇ ಹೋಗಿ ಹೇಳುತ್ತೇನೆ, ಒಂದು ತಿಂಗಳು ಕೊಡಿ ಎಂದೂ ಹೇಳಿದ.

ಹುಲಿಕುಂಟೆ ಕಡೆಯಿಂದ ಹಟ್ಟಿಯ ಜನ ಬಂದರು. ಈರಕ್ಕನನ್ನು ಬಸ್ಸಿನಿಂದ ಎತ್ತಿ ಇಳಿಸಬೇಕಾಯಿತು. ಕಳ್ಳಿಮೆಳೆ ಕಡಿದು, ಅದರ ಬುಡದಲ್ಲಿ ಒತ್ತಾಗಿ ಪೇರಿಸಿದ್ದ ಕಲ್ಲುಗಳನ್ನು ಕಂಡು ಹಿರಿಯರು ಜಾಗ ಗುರುತಿಸಿದರು. ಅಗೆಯುವುದು ಬೇಡ, ಮಲಗಿದವನನ್ನು ಎಬ್ಬಿಸಬೇಡಿ ಎಂದಳು ಈರಕ್ಕ. ಹಾಲು ತುಪ್ಪ ಬಿಟ್ಟರು. ಆಮೇಲೆ ಈರಕ್ಕ ಚೊಂಬು ತರಿಸಿಕೊಂಡು ನೀರು ಸುರಿದಳು. ಕೆಮ್ಮಣ್ಣು ಕುಡಿಯಿತು. ಮತ್ತೆ ಸುರಿದಳು. ಸಾಕು ಅಂದರೂ ನಿಲ್ಲಿಸಲಿಲ್ಲ. ತಂದಿದ್ದ ಕೊಡ ಖಾಲಿಯಾಯಿತು, ಕರಿಯಕ್ಕ ಇನ್ನೊಂದು ತಂದಳು. ಮಗಳು ಹೇಳಿದ ಸುಳ್ಳನ್ನು ತಾಯಿ ಅವತ್ತೇ ಕಂಡುಕೊಂಡಿದ್ದಳು ಎಂದು ರಂಗಕ್ಕನಿಗೆ ಆಗ ತಿಳಿಯಿತು. ತಾಯಿ ಅದನ್ನು ಎಂದೂ ಬಾಯಿಬಿಟ್ಟು ಹೇಳಲಿಲ್ಲ.

ಮರುಳಸಿದ್ದಯ್ಯ ಕೇಳಿದ್ದ ತಿಂಗಳು ಕಳೆಯಿತು. ಅವನು ಪೊಲೀಸರ ಹತ್ತಿರ ಹೋಗಲಿಲ್ಲ. ರಂಗಕ್ಕ ತಾನೇ ಹೋಗಿ ದೂರು ಕೊಟ್ಟಳು. ಸಾಕ್ಷಿ ಹೇಳುವವರಿಲ್ಲ ಎಂದು ಅದು ಮುಂದೆ ಸಾಗಲಿಲ್ಲ. ಎಂಬತ್ತೆರಡರ ಮಳೆಗಾಲದಲ್ಲಿ ಅವನು ಮಲಗಿದಲ್ಲೇ ಸತ್ತ ಸುದ್ದಿ ಬಂತು. ಮಕ್ಕಳು ಆ ಬೀಳನ್ನು ಮಾರಲಿಕ್ಕೆ ಹೊರಟರು. ಕಥೆ ತಿಳಿದ ಊರಿನಲ್ಲಿ ಕೊಳ್ಳುವವರು ಯಾರೂ ಮುಂದೆ ಬರಲಿಲ್ಲ.

ರಂಗಕ್ಕ ಮಧುಗಿರಿಗೆ ಮತ್ತೆ ವರ್ಗ ಕೇಳಲಿಲ್ಲ. ಎಂಬತ್ತಾರರಲ್ಲಿ ಅವಳ ಹುಡುಗಿಯರು ಹುಣಸೆಮರದ ಆ ಮೈದಾನದಲ್ಲೇ ನಾಲ್ಕು ತಾಲ್ಲೂಕುಗಳ ಕಪ್ ಗೆದ್ದರು. ಆಟದಲ್ಲಿ ಒಬ್ಬ ಹುಡುಗಿಯ ಕಾಲು ಉಳುಕಿ, ಅವಳನ್ನು ಶಾಮಿಯಾನದ ಹಿಂದೆ ಮಲಗಿಸಿದ್ದರು. ಅತಿಥಿಗಳು ಜೀಪಿನ ಹತ್ತಿರ ನಿಂತು ಗಡಿಯಾರ ನೋಡುತ್ತಿದ್ದರು. ಫೋಟೋದವನು ರೆಡಿ ಎಂದು ಕೈ ಎತ್ತಿದ. ರಂಗಕ್ಕ ಕ್ಯಾಮೆರಾದ ಮುಂದೆ ಹೋಗಿ ಅಡ್ಡ ನಿಂತಳು. ಇಬ್ಬರು ಹುಡುಗಿಯರು ಓಡಿಹೋಗಿ ಕಾಲು ಉಳುಕಿದವಳನ್ನು ಕುರ್ಚಿಯ ಮೇಲೆ ಕೂರಿಸಿ ಎತ್ತಿಕೊಂಡು ಬರುವ ತನಕ ಅಲ್ಲಿಂದ ಕದಲಲಿಲ್ಲ. ಆ ಫೋಟೋದಲ್ಲಿ ಹನ್ನೊಂದು ಹುಡುಗಿಯರೂ ಇದ್ದಾರೆ, ಒಬ್ಬಳು ಬರಿಗಾಲಿನಲ್ಲಿ ಕೂತಿದ್ದಾಳೆ. ಅತಿಥಿಗಳು ಇಲ್ಲ, ಅಷ್ಟು ಹೊತ್ತಿಗೆ ಅವರ ಜೀಪು ಹೊರಟುಹೋಗಿತ್ತು.